ಯಾವ ಗಳಿಗೆಯ ವಿಮಾನ: ಯುದ್ಧವಿಮಾನದ ಮಾದರಿ ಕಟ್ಟುವವರಿಗೆ ನೆಲದ ಸಿಬ್ಬಂದಿಯ ಕೆಲವು ಮಾತು

ಯುದ್ಧವಿಮಾನದ ಸ್ಕೇಲ್ ಮಾಡೆಲ್ ಕಟ್ಟಲು ಕೂರುವ ಮೊದಲು, ಅಂಟಿನ ಮುಚ್ಚಳ ತೆರೆಯುವುದಕ್ಕೂ ಮುಂಚೆ, ಒಂದು ಪ್ರಶ್ನೆಗೆ ಉತ್ತರ ಬರೆದಿಟ್ಟುಕೊಳ್ಳಬೇಕು: ಇದು ಯಾವ ಗಳಿಗೆಯ ವಿಮಾನ? ರಾತ್ರಿಯೆಲ್ಲ ಹೊದಿಕೆ ಹೊದ್ದು ನಿಂತಿರುವುದೇ, ತಪಾಸಣೆ ಮುಗಿದು ಪೈಲಟ್ ಏಣಿ ಹತ್ತುವುದನ್ನು ಕಾಯುತ್ತಿರುವುದೇ, ಈಗಷ್ಟೇ ಇಳಿದು ಬಂದು ಎಂಜಿನ್ ನಿಲ್ಲಿಸಿರುವುದೇ, ಅಥವಾ ಹ್ಯಾಂಗರಿನಲ್ಲಿ ಪ್ಯಾನೆಲ್ ಬಿಚ್ಚಿಸಿಕೊಂಡು ರಿಪೇರಿಗೆ ನಿಂತಿರುವುದೇ? ಈ ನಾಲ್ಕು ಸ್ಥಿತಿಗಳಲ್ಲಿ ಒಂದೇ ವಿಮಾನದ ಫ್ಲ್ಯಾಪು (ರೆಕ್ಕೆಯ ಹಿಂಬದಿಯಲ್ಲಿ ಇಳಿಸಿ ಏರಿಸುವ ಭಾಗ), ಕ್ಯಾನಪಿ (ಪೈಲಟ್ಟಿನ ತಲೆಯ ಮೇಲಿನ ಗಾಜಿನಂಥ ಮುಚ್ಚಳ), ಸುರಕ್ಷತಾ ಪಿನ್ನು, ಕೆಂಪು ಮುಚ್ಚಳ, ಎಣ್ಣೆಯ ಕಲೆ ಎಲ್ಲವೂ ಬೇರೆ ಬೇರೆಯಾಗಿರುತ್ತವೆ. ಕಿಟ್ಟಿನ ಪೆಟ್ಟಿಗೆಯಲ್ಲಿ ಎಲ್ಲ ಸ್ಥಿತಿಯ ಬಿಡಿಭಾಗಗಳೂ ಒಟ್ಟಿಗೇ ಬರುವುದರಿಂದ, ಚೆನ್ನಾಗಿ ಕಾಣುತ್ತದೆಂದು ಎಲ್ಲವನ್ನೂ ತೆರೆದು ಅಂಟಿಸಿದರೆ, ಯಾವ ಏರ್‌ಫೀಲ್ಡಿನಲ್ಲೂ ಯಾರೂ ಕಂಡಿರದ ವಿಮಾನವೊಂದು ತಯಾರಾಗುತ್ತದೆ.

ನಾನು ವಾಯುಪಡೆಯಲ್ಲಿ ಏರ್‌ಫ್ರೇಮ್ ಫಿಟ್ಟರ್, ಅಂದರೆ ವಿಮಾನದ ಮೈಕಟ್ಟು ನೋಡಿಕೊಳ್ಳುವವನು, ಆಗಿ ಕೆಲಸ ಮಾಡಿ, ಈಗ ಹಾಸನದಲ್ಲಿ ನೆಲೆಸಿರುವವನು. ಇಲ್ಲಿನ ಇಂಜಿನಿಯರಿಂಗ್ ಕಾಲೇಜಿನ ಹುಡುಗರು ಕೆಲವರು ಭಾನುವಾರ ತಮ್ಮ ಮಾದರಿಗಳನ್ನು ರಟ್ಟಿನ ಡಬ್ಬದಲ್ಲಿಟ್ಟುಕೊಂಡು ಮನೆಗೆ ಬರುತ್ತಾರೆ. ಅವರ ಕೈಕೆಲಸ ನನ್ನ ಕೈಗೆ ಬರುವಂಥದ್ದಲ್ಲ, ಅಷ್ಟು ಅಚ್ಚುಕಟ್ಟು. ಅವರಿಗೆ ಬೇಕಿರುವುದು ವಿಮಾನದ ಪಕ್ಕದಲ್ಲಿ ದಿನವೂ ನಿಂತವರ ಕಣ್ಣು. ಆ ಕಣ್ಣಿಗೆ ಕಾಣುವ ಸಂಗತಿಗಳನ್ನಷ್ಟೇ ಇಲ್ಲಿ ಬರೆದಿದ್ದೇನೆ. ಉದಾಹರಣೆಗಳು ಹೆಚ್ಚಾಗಿ ಮಿಗ್-21ರವು. 1963ರಲ್ಲಿ ನಮ್ಮ ವಾಯುಪಡೆ ಸೇರಿ 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಬೀಳ್ಕೊಡುಗೆ ಪಡೆದ ಈ ವಿಮಾನವನ್ನು ಕಟ್ಟದ ಭಾರತೀಯ ಮಾಡೆಲರ್ ಸಿಗುವುದು ಕಷ್ಟ.

ಪಿನ್ನು, ಮುಚ್ಚಳ, ಏಣಿ

ಮೊದಲು ನೋಡಬೇಕಾದದ್ದು ಕೆಂಪು ಬಣ್ಣದ ವಸ್ತುಗಳನ್ನು. ನಿಂತ ವಿಮಾನದ ಗಾಳಿದ್ವಾರಕ್ಕೆ, ಎಂಜಿನ್ ಬಾಲದ ಕೊಳವೆಗೆ, ವೇಗ ಅಳೆಯುವ ಪಿಟೋ ಕೊಳವೆಗೆ ಮುಚ್ಚಳಗಳಿರುತ್ತವೆ; ಲ್ಯಾಂಡಿಂಗ್ ಗೇರಿಗೆ, ಆಯುಧ ತೂಗುವ ಪೈಲಾನ್‌ಗಳಿಗೆ, ಅಪಾಯದಲ್ಲಿ ಪೈಲಟ್ಟನ್ನು ಹೊರಕ್ಕೆ ಚಿಮ್ಮಿಸುವ ಎಜೆಕ್ಷನ್ ಸೀಟಿಗೆ ಸುರಕ್ಷತಾ ಪಿನ್ನುಗಳಿರುತ್ತವೆ; ಪಿನ್ನುಗಳಿಂದ ಕೆಂಪು ಪಟ್ಟಿಗಳು ಜೋತಾಡುತ್ತಿರುತ್ತವೆ. ಸೀಟಿನ ಪಿನ್ನಿನ ವಿಚಾರದಲ್ಲಿ ನೆಲದ ಸಿಬ್ಬಂದಿಗೆ ಯಾವ ವಿನಾಯಿತಿಯೂ ಇಲ್ಲ. ಪೈಲಟ್ ಕುಳಿತು ಬೆಲ್ಟ್ ಬಿಗಿದ ಮೇಲಷ್ಟೇ ಪಿನ್ನು ಹೊರಬರುತ್ತದೆ, ಎಂಜಿನ್ ನಿಂತ ಮೇಲೆ ಆತ ಎದ್ದೇಳುವುದಕ್ಕೆ ಮೊದಲೇ ಮತ್ತೆ ಒಳಹೋಗುತ್ತದೆ. ಆದ್ದರಿಂದ ಕ್ಯಾನಪಿ ತೆರೆದು ಖಾಲಿ ಸೀಟು ತೋರಿಸುವ ಮಾದರಿಯಲ್ಲಿ ಸೀಟಿನ ಮೇಲೆ ಕೆಂಪು ಪಟ್ಟಿ ಕಾಣಲೇಬೇಕು. ಪೈಲಟ್ ಕುಳಿತಿದ್ದರೆ ಅದು ಕಾಣಬಾರದು. ತೆಳುವಾದ ಕಾಗದಕ್ಕೆ ಎರಡೂ ಕಡೆ ಕೆಂಪು ಬಣ್ಣ ಬಳಿದು, ಒಣಗಿದ ಮೇಲೆ ಬ್ಲೇಡಿನಿಂದ ಕಿರಿದಾಗಿ ಕೊಯ್ದು, ಸ್ವಲ್ಪ ತಿರುಚಿ ಅಂಟಿಸಿದರೆ ಸಾಕು. ನೆಟ್ಟಗೆ ಕೋಲಿನಂತೆ ನಿಲ್ಲಿಸಬೇಡಿ, ಅದು ಬಟ್ಟೆಯ ಪಟ್ಟಿ.

ಈಗಷ್ಟೇ ಇಳಿದ ವಿಮಾನದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಪಿನ್ನುಗಳನ್ನು ಕೂಡಲೇ ಹಾಕುತ್ತೇವೆ, ಆದರೆ ಬಾಲದ ಕೊಳವೆಯ ಮುಚ್ಚಳವನ್ನು ಎಂಜಿನ್ ತಣ್ಣಗಾಗುವ ತನಕ ಹಾಕುವುದಿಲ್ಲ. ಹಾಗಾಗಿ ಪಿನ್ನು ಇದ್ದು ಮುಚ್ಚಳವಿಲ್ಲದ ಸ್ಥಿತಿ ನೂರಕ್ಕೆ ನೂರು ಸಹಜ. ಮಿಗ್-21ರ ನಂತರದ ಆವೃತ್ತಿಯಾದ ಬಿಸ್ ಆದರೆ, ಬಾಲದ ರೆಕ್ಕೆಯ ಬುಡದಲ್ಲಿರುವ ಬ್ರೇಕ್ ಪ್ಯಾರಾಚೂಟಿನ ಗೂಡು ಖಾಲಿಯಾಗಿ ತೆರೆದಿರುತ್ತದೆ. ಪ್ಯಾರಾಚೂಟನ್ನು ಪೈಲಟ್ ರನ್‌ವೇ ದಾಟುವಾಗಲೇ ಕಳಚಿರುತ್ತಾನೆ, ಮಡಿಸಿ ಸಿದ್ಧಪಡಿಸಿದ ಬೇರೊಂದನ್ನು ಹಾಕುವವರೆಗೆ ಬಾಗಿಲು ಮುಚ್ಚುವಂತಿಲ್ಲ. ಈ ಒಂದು ಗೂಡನ್ನು ತೆರೆದು ತೋರಿಸಿದರೆ ಮಾದರಿ ತಾನು ಯಾವ ಗಳಿಗೆಯದೆಂದು ಹೇಳಿಬಿಡುತ್ತದೆ.

ಏಣಿ ಮಿಗ್-21ಕ್ಕೆ ಎಡಗಡೆ. ಎಂ, ಎಂಎಫ್, ಬಿಸ್ ಆವೃತ್ತಿಗಳಲ್ಲಿ ಕ್ಯಾನಪಿ ಬಲಕ್ಕೆ ಮಗುಚಿಕೊಳ್ಳುತ್ತದೆ. ಮೊದಲಿನ ಎಫ್-13 ಮತ್ತು ಎಫ್‌ಎಲ್‌ಗಳಲ್ಲಿ ಮುಂದಕ್ಕೆ ಎದ್ದು ತೆರೆಯುತ್ತದೆ. ಪಿಟೋ ಕೊಳವೆಯೂ ಹಾಗೆಯೇ ಆವೃತ್ತಿಯಿಂದ ಆವೃತ್ತಿಗೆ ಜಾಗ ಬದಲಿಸಿದೆ: ಎಫ್-13ರಲ್ಲಿ ಮೂಗಿನ ಕೆಳಗೆ, ಎಫ್‌ಎಲ್‌ನಲ್ಲಿ ಮೇಲೆ ನಡುವೆ, ಬಿಸ್‌ನಲ್ಲಿ ಮೇಲೆ ಸ್ವಲ್ಪ ಬಲಕ್ಕೆ. ಗಾಳಿದ್ವಾರದ ನಡುವಿನ ಶಂಕು ಶಬ್ದಾತೀತ ವೇಗದಲ್ಲಿ ಮುಂದಕ್ಕೆ ಸರಿಯುವಂಥದ್ದು. ನೆಲದ ಮೇಲೆ ಅದು ಹಿಂದಕ್ಕೆ ಸರಿದೇ ಇರುತ್ತದೆ.

ಒತ್ತಡ ಇಳಿದ ಮೇಲೆ ಜೋತುಬೀಳುವ ಭಾಗಗಳು

ಎಂಜಿನ್ ನಿಂತರೆ ಹೈಡ್ರಾಲಿಕ್ ಪಂಪು ನಿಲ್ಲುತ್ತದೆ. ವ್ಯವಸ್ಥೆಯೊಳಗಿನ ಒತ್ತಡ ನಿಧಾನವಾಗಿ ಇಳಿಯುತ್ತದೆ. ಆಗ ಒತ್ತಡದ ಬಲದಿಂದ ಮಾತ್ರ ನಿಂತಿದ್ದ ಭಾಗಗಳು ತಮ್ಮ ಭಾರಕ್ಕೆ ತಾವೇ ಕುಸಿಯುತ್ತವೆ. ನಿಂತ ಮಿರಾಜ್ 2000ರ ರೆಕ್ಕೆಯ ಹಿಂಬದಿಯ ಎಲೆವಾನ್‌ಗಳು ಕೆಳಕ್ಕೆ ಜೋತಿರುವುದನ್ನೂ, ಸುಖೋಯ್-30 ಎಂಕೆಐನ ದಿಕ್ಕು ಬದಲಿಸುವ ಎಂಜಿನ್ ನಾಝಲ್‌ಗಳು (ಬಾಲದ ಬಾಯಿಗಳು) ನೆಲದತ್ತ ಬಾಗಿರುವುದನ್ನೂ ಚಿತ್ರಗಳಲ್ಲಿ ನೋಡಿರುತ್ತೀರಿ. ಎರಡು ನಾಝಲ್‌ಗಳು ಸಮನಾಗಿ ಬಾಗಿರಬೇಕೆಂದೇನೂ ಇಲ್ಲ, ಒಂದರಲ್ಲಿ ಒತ್ತಡ ಬೇಗ ಇಳಿದಿರಬಹುದು. ನೌಕಾಪಡೆಯ ಸೀ ಹ್ಯಾರಿಯರ್‌ಗಳಲ್ಲಿ ಗಾಳಿದ್ವಾರದ ಸುತ್ತ ಇದ್ದ ಪುಟ್ಟ ಬಾಗಿಲುಗಳು ಇದಕ್ಕೆ ಅತಿ ಸುಂದರ ಉದಾಹರಣೆ. ಎಂಜಿನ್ ಓಡುವಾಗ ಗಾಳಿಯ ಸೆಳೆತಕ್ಕೆ ಎಲ್ಲವೂ ಒಳಕ್ಕೆ ತೆರೆದುಕೊಳ್ಳುತ್ತಿದ್ದವು. ನಿಂತಾಗ ಮೇಲಿನ ಬಾಗಿಲುಗಳು ಭಾರಕ್ಕೆ ಒಳಕ್ಕೆ ಬೀಳುತ್ತಿದ್ದವು, ಕೆಳಗಿನವು ಅದೇ ಭಾರಕ್ಕೆ ಮುಚ್ಚಿಕೊಳ್ಳುತ್ತಿದ್ದವು. ಎಲ್ಲವನ್ನೂ ತೆರೆದೋ ಎಲ್ಲವನ್ನೂ ಮುಚ್ಚಿಯೋ ತೋರಿಸುವ ಮಾದರಿ ಈ ಸರಳ ನಿಯಮವನ್ನು ಮರೆತಿರುತ್ತದೆ.

ಮಿಗ್-29ರಲ್ಲಿ ವ್ಯವಸ್ಥೆಯೇ ಬೇರೆ. ನೆಲದ ಮೇಲೆ ಎಂಜಿನ್ ಓಡುತ್ತಿರುವಾಗ ಕಲ್ಲುಮಣ್ಣು ಒಳಸೇರದಂತೆ ಮುಖ್ಯ ಗಾಳಿದ್ವಾರವನ್ನು ಬಾಗಿಲೊಂದು ಮುಚ್ಚಿರುತ್ತದೆ, ಗಾಳಿ ರೆಕ್ಕೆಯ ಬುಡದ ಮೇಲ್ಭಾಗದ ಜಾಲರಿಗಳ ಮೂಲಕ ಬರುತ್ತದೆ. ಟ್ಯಾಕ್ಸಿ ಮಾಡುತ್ತಿರುವ, ಅಂದರೆ ನೆಲದ ಮೇಲೆ ಉರುಳಿ ಸಾಗುತ್ತಿರುವ, ಮಿಗ್-29 ಕಟ್ಟುವವರು ಇದನ್ನು ನೆನಪಿಡಬೇಕು.

ಫ್ಲ್ಯಾಪುಗಳ ಬಗ್ಗೆ ನನ್ನ ಅಭಿಪ್ರಾಯ ಕಟ್ಟುನಿಟ್ಟಾದದ್ದು. ಎಂಜಿನ್ ನಿಲ್ಲಿಸುವ ಮೊದಲು ಪೈಲಟ್ ಫ್ಲ್ಯಾಪುಗಳನ್ನು ಮೇಲೆತ್ತಿ, ಗಾಳಿಗೆ ಅಡ್ಡ ಚಾಚಿ ವೇಗ ತಗ್ಗಿಸುವ ಏರ್‌ಬ್ರೇಕುಗಳನ್ನು ಮುಚ್ಚುವುದೇ ರೂಢಿ. ಆಯಾ ವಿಮಾನದ ಚಿತ್ರ ಬೇರೆ ಹೇಳಿದರೆ ಮಾತ್ರ ಇಳಿಸಿ ತೋರಿಸಿ. ಇಳಿಸುವುದಾದರೆ ಕಾಕ್‌ಪಿಟ್ಟಿನೊಳಕ್ಕೂ ಹೋಗಿ ನೋಡಿ. ವಿಮಾನವನ್ನು ಪಕ್ಕಕ್ಕೆ ವಾಲಿಸುವ ರೆಕ್ಕೆಯ ಏಲೆರಾನುಗಳನ್ನು ಒಂದು ಮೇಲೆ ಒಂದು ಕೆಳಗೆ ಅಂಟಿಸಿದ್ದರೆ ಕಂಟ್ರೋಲ್ ಸ್ಟಿಕ್ ಕೂಡ ಮೇಲೆದ್ದ ಏಲೆರಾನಿನ ಕಡೆಗೇ ವಾಲಿರಬೇಕು, ಬಾಲದ ರಡ್ಡರ್ (ಚುಕ್ಕಾಣಿ) ತಿರುಗಿದ್ದರೆ ಪೆಡಲ್ ಒಂದು ಮುಂದಿರಬೇಕು. ಸ್ಟಿಕ್ ನೆಟ್ಟಗಿದ್ದು ಏಲೆರಾನು ವಾಲಿದ್ದರೆ, ನಮ್ಮ ಲೆಕ್ಕದಲ್ಲಿ ಕಂಟ್ರೋಲ್ ರಾಡ್ ಕಳಚಿದೆ ಎಂದರ್ಥ. ಆ ವಿಮಾನಕ್ಕೆ ನಾವು ಅದರ ನಿರ್ವಹಣೆಯ ದಾಖಲೆಯಾದ ಫಾರ್ಮ್ 700ರಲ್ಲಿ ಸಹಿ ಹಾಕುವುದಿಲ್ಲ.

ಚಕ್ರಗಳ ಮೇಲೆ ನಿಂತ ಭಾರ

ವಿಮಾನಕ್ಕೆ ತೂಕವಿದೆ ಎನ್ನುವುದು ಮೊದಲು ಗೊತ್ತಾಗುವುದು ಓಲಿಯೊದಲ್ಲಿ, ಅಂದರೆ ಲ್ಯಾಂಡಿಂಗ್ ಗೇರಿನ ಶಾಕ್ ಅಬ್ಸಾರ್ಬರಿನಲ್ಲಿ. ಕನ್ನಡಿಯಂತೆ ಹೊಳೆಯುವ ಅದರ ಪಿಸ್ಟನ್ನು ಎಷ್ಟು ಉದ್ದ ಕಾಣುತ್ತದೆ ಎನ್ನುವುದು ಇಂಧನ ಮತ್ತು ಆಯುಧಗಳ ಭಾರಕ್ಕೆ ತಕ್ಕಂತೆ ಬದಲಾಗುತ್ತದೆ. ಬಹಳ ಕಿಟ್ಟುಗಳಲ್ಲಿ ಅದನ್ನು ಹಾರಾಟದಲ್ಲಿರುವಂತೆ ಉದ್ದವಾಗಿಯೇ ಅಚ್ಚು ಹಾಕಿರುತ್ತಾರೆ, ಹಾಗಾಗಿ ಮಾದರಿ ತುದಿಗಾಲಲ್ಲಿ ನಿಂತ ಹಾಗೆ ಎತ್ತರಕ್ಕೆ ನಿಲ್ಲುತ್ತದೆ. ಡ್ರಾಪ್ ಟ್ಯಾಂಕು (ಹೊರಗೆ ತೂಗಿಸುವ ಇಂಧನ ಟ್ಯಾಂಕು), ಬಾಂಬು ಎಲ್ಲ ತೂಗಿಸುವ ಯೋಚನೆ ಇದ್ದರೆ ಆ ಪಿಸ್ಟನ್ನನ್ನು ಕೊಯ್ದು ಗಿಡ್ಡ ಮಾಡಿ. ಆ ಭಾಗಕ್ಕೆ ಕೊಳೆ ಬಳಿಯಬೇಡಿ. ಅದರ ಮೇಲೆ ಧೂಳು ಕುಳಿತರೆ ಸೀಲ್ ಹರಿಯುತ್ತದೆಂದು ನಾವು ದಿನವೂ ಬಟ್ಟೆಯಿಂದ ಒರೆಸುತ್ತಿದ್ದೆವು. ಸುತ್ತಲಿನ ಎಲ್ಲವೂ ಮಾಸಿದ್ದರೂ ಅದೊಂದು ಹೊಳೆಯುತ್ತಿರಬೇಕು.

ಟೈರುಗಳನ್ನು ಕೆಳಗೆ ಉಬ್ಬಿಸಿ ತೋರಿಸುವುದು ಮಾಡೆಲರ್‌ಗಳಿಗೆ ಇಷ್ಟ. ಯುದ್ಧವಿಮಾನದ ಟೈರಿನಲ್ಲಿ ಕಾರಿನ ಟೈರಿಗಿಂತ ಹಲವು ಪಟ್ಟು ಒತ್ತಡವಿರುತ್ತದೆ, ಹಾಗಾಗಿ ಉಬ್ಬು ಅತ್ಯಲ್ಪ. ಮರಳು ಕಾಗದದ ಮೇಲೆ ಒಂದೆರಡು ಸಲ ಉಜ್ಜಿ ತಳ ಚಪ್ಪಟೆ ಮಾಡಿದರೆ ಸಾಕು. ಟೈರಿನ ಮೇಲ್ಮೈಯಲ್ಲಿ ಸುತ್ತಲೂ ಓಡುವ ನೇರ ಗೀರುಗಳಷ್ಟೇ ಇರುತ್ತವೆ. ಬಣ್ಣ ಕಪ್ಪಲ್ಲ, ಬಳಸಿದ ರಬ್ಬರಿನ ಮಂಕು ಬೂದು.

ಇನ್ನು ನಾನು ಯಾವ ಮಾದರಿಯನ್ನು ಕೈಗೆತ್ತಿಕೊಂಡರೂ ಮೊದಲು ಹುಡುಕುವ ಗುರುತು ಒಂದಿದೆ. ಚಕ್ರದ ರಿಮ್ಮಿನ ಅಂಚಿನಿಂದ ಟೈರಿನ ಪಕ್ಕೆಗೆ ದಾಟುವಂತೆ ಕೆಂಪು ಅಥವಾ ಬಿಳಿ ಬಣ್ಣದ ಚಿಕ್ಕ ಪಟ್ಟಿ ಎಳೆದಿರುತ್ತಾರೆ. ಬ್ರೇಕ್ ಜೋರಾಗಿ ಹಿಡಿದಾಗ ಟೈರು ರಿಮ್ಮಿನ ಮೇಲೆ ಜಾರಿದರೆ ಈ ಪಟ್ಟಿ ಮುರಿದು, ಅರ್ಧ ರಿಮ್ಮಿನಲ್ಲಿ ಅರ್ಧ ಟೈರಿನಲ್ಲಿ ಬೇರೆ ಬೇರೆಯಾಗಿ ಕಾಣುತ್ತದೆ. ಟೈರು ಎಷ್ಟು ಸರಿದಿದೆ ಎಂದು ಒಂದೇ ನೋಟಕ್ಕೆ ತಿಳಿಯಲು ಇರುವ ಉಪಾಯ ಅದು. ಅಗಲ 25 ಮಿ.ಮೀ. ಎಂದುಕೊಂಡರೆ 1/72 ಅಳತೆಯಲ್ಲಿ ಸುಮಾರು 0.35 ಮಿ.ಮೀ., 1/48ರಲ್ಲಿ ಸುಮಾರು ಅರ್ಧ ಮಿ.ಮೀ. ಡೆಕಾಲ್ ಹಾಳೆಯ (ಗುರುತುಗಳನ್ನು ನೀರಿನಲ್ಲಿ ನೆನೆಸಿ ಅಂಟಿಸುವ ಹಾಳೆ) ಉಳಿದ ಚೂರಿನಿಂದ ಎಳೆಯಷ್ಟು ಕೊಯ್ದು ಹಾಕಬಹುದು. ಹಾರಾಟಕ್ಕೆ ಸಿದ್ಧವಾದ ವಿಮಾನದಲ್ಲಿ ಪಟ್ಟಿ ಅಖಂಡವಾಗಿರಲಿ. ಸೋವಿಯೆತ್ ಮೂಲದ ವಿಮಾನಗಳ ಚಕ್ರದ ಹಬ್ಬು ಸಾಮಾನ್ಯವಾಗಿ ಹಸಿರು. ಆ ಹಸಿರಿನ ಮೇಲೆ ಈ ಪಟ್ಟಿ ಎದ್ದು ಕಾಣುತ್ತದೆ.

ಕೊಳೆ ಎಲ್ಲಿ, ಏಕೆ

ಕೊಳೆ, ಸವೆತ ತೋರಿಸುವುದಕ್ಕೆ ಮಾಡೆಲರ್‌ಗಳು ವೆದರಿಂಗ್ ಎನ್ನುತ್ತಾರೆ; ಆ ಕೆಲಸದಲ್ಲಿ ಅತಿ ಹೆಚ್ಚು ಅನ್ಯಾಯ ಆಗುವುದು ಪ್ಯಾನೆಲ್ ಗೆರೆಗಳಿಗೆ, ಅಂದರೆ ಮೈಹೊದಿಕೆಯ ತಗಡುಗಳ ನಡುವಿನ ಸಂದುಗಳಿಗೆ. 1/72 ಕಿಟ್ಟಿನ ಗೆರೆ 0.1 ಮಿ.ಮೀ. ಇದ್ದರೂ ನಿಜವಾದ ವಿಮಾನದಲ್ಲಿ ಅದು 7 ಮಿ.ಮೀ. ಸಂದು ಆಗುತ್ತದೆ. ಅಂಥ ಸಂದು ಬಿಟ್ಟ ಫಿಟ್ಟರ್‌ಗೆ ಚೀಫ್ ಸುಮ್ಮನಿರುತ್ತಿರಲಿಲ್ಲ. ಈ ಗೆರೆಗಳಿಗೆಲ್ಲ ಕಪ್ಪು ವಾಷ್ (ತೀರ ತೆಳು ಮಾಡಿದ ಬಣ್ಣ) ತುಂಬಿದರೆ ವಿಮಾನ ಟೈಲ್ಸ್ ಹಾಕಿದ ನೆಲದಂತೆ ಕಾಣುತ್ತದೆ. ಎಲ್ಲ ಪ್ಯಾನೆಲುಗಳೂ ಒಂದೇ ಅಲ್ಲ ಎನ್ನುವುದು ಇಲ್ಲಿ ಮುಖ್ಯ. ಇಂಧನ ತುಂಬುವ ಮುಚ್ಚಳ, ಹೊರಗಿನಿಂದ ವಿದ್ಯುತ್ ಕೊಡುವ ಜಾಗ, ಹೈಡ್ರಾಲಿಕ್ ಮಟ್ಟ ನೋಡುವ ಬಾಗಿಲು ಇವು ದಿನಕ್ಕೆ ಹಲವು ಸಲ ತೆರೆದು ಮುಚ್ಚುವಂಥವು. ದೊಡ್ಡ ಸರ್ವೀಸಿಂಗಿನಲ್ಲಿ ಮಾತ್ರ ಬಿಚ್ಚುವ ಪ್ಯಾನೆಲುಗಳು ತಿಂಗಳುಗಟ್ಟಲೆ ಮುಟ್ಟದೆ ಇರುತ್ತವೆ. ಮೊದಲನೆಯವುಗಳ ಗೆರೆಗೆ ಗಾಢ ಕಂದು, ಉಳಿದವಕ್ಕೆ ಮೈಬಣ್ಣಕ್ಕಿಂತ ಒಂದು ಛಾಯೆ ಮಾತ್ರ ಗಾಢ, ಇಷ್ಟು ಭೇದ ಮಾಡಿದರೂ ಮಾದರಿ ಬದಲಾಗುತ್ತದೆ.

ದಿನವೂ ತೆರೆಯುವ ಪ್ಯಾನೆಲನ್ನು ಹತ್ತಿರದಿಂದ ನೋಡಿದರೆ ಹೀಗಿರುತ್ತದೆ: ಪ್ರತಿ ಸ್ಕ್ರೂವಿನ ತಲೆಯಲ್ಲಿ ಬಣ್ಣ ಹೋಗಿ ಬರಿಯ ಲೋಹ ಕಾಣುತ್ತದೆ, ಅದರ ಸುತ್ತ ತೆಳು ಉಂಗುರದಂತೆ ಪ್ರೈಮರ್ ಬಣ್ಣ ಇಣುಕುತ್ತದೆ, ಸ್ಕ್ರೂಡ್ರೈವರ್ ಜಾರಿದ ಒಂದೆರಡು ಗೀರುಗಳು ಯಾವುದೋ ಒಂದು ಕಡೆಗೆ ಹೊರಟಿರುತ್ತವೆ, ಬಾಗಿಲಿನ ಅಂಚಿನಲ್ಲಿ ಬೆರಳು ಹಾಕಿ ಎಳೆಯುವ ಜಾಗದಲ್ಲಿ ಎಣ್ಣೆಗೈಯ ಕಲೆ ಸವೆದು ಸವೆದು ಹೊಳಪಾಗಿರುತ್ತದೆ. ನಾಲ್ಕು ಮೂಲೆಗಳಲ್ಲಿ ಬೆರಳು ಬೀಳುವುದು ಒಂದು ಮೂಲೆಗೆ ಮಾತ್ರ; ಆದ್ದರಿಂದ ಕಲೆಯನ್ನು ನಾಲ್ಕೂ ಕಡೆ ಸಮನಾಗಿ ಹಂಚಬೇಡಿ. ಕೆಲವೊಮ್ಮೆ ಪ್ಯಾನೆಲು ಹಾಳಾಗಿ ಬೇರೆ ವಿಮಾನದ್ದನ್ನು ತಂದು ಕೂರಿಸಿದಾಗ ಕ್ಯಾಮೊಫ್ಲಾಜ್ ಗೆರೆ ಅಲ್ಲಿಗೆ ಬಂದು ತುಂಡಾಗುತ್ತದೆ. ಅಂಥದ್ದೊಂದನ್ನು ತೋರಿಸಲು ಧೈರ್ಯ ಬೇಕು, ಆದರೆ ಚಿತ್ರದ ಆಧಾರ ಇದ್ದರೆ ತೋರಿಸಿ.

ಆಕ್ಸಿಜನ್ ತುಂಬುವ ಜಾಗಕ್ಕೆ ಎಣ್ಣೆಯ ಕಲೆ ಹಾಕಲೇಬೇಡಿ. ಒತ್ತಡದ ಆಕ್ಸಿಜನ್ನಿಗೆ ಎಣ್ಣೆ, ಗ್ರೀಸು ತಗುಲಿದರೆ ಬೆಂಕಿ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಆ ಕೆಲಸಕ್ಕೆ ಕೈ, ಉಪಕರಣ, ಬಟ್ಟೆ ಎಲ್ಲವೂ ಶುದ್ಧವಾಗಿರಬೇಕು. ಇಡೀ ಹೊಟ್ಟೆ ಭಾಗ ಜಿಡ್ಡಾಗಿರುವ ವಿಮಾನದಲ್ಲೂ ಆ ಒಂದು ಬಾಗಿಲಿನ ಸುತ್ತ ಶುಭ್ರವಾಗಿರುತ್ತದೆ.

ಸೋರಿಕೆಯ ಕಲೆಗೆ ಎರಡು ದಿಕ್ಕುಗಳಿವೆ. ಹಾರುವಾಗ ಸೋರಿದ್ದು ಗಾಳಿಯ ಹೊಡೆತಕ್ಕೆ ಹಿಂದಕ್ಕೆ ಗೆರೆಯಾಗಿ ಹರಿಯುತ್ತದೆ. ನಿಂತಾಗ ಸೋರಿದ್ದು ನೇರ ಕೆಳಕ್ಕೆ ಇಳಿದು ಹೊಟ್ಟೆಯ ನಡುಗೆರೆಯಲ್ಲಿ ಹನಿಯಾಗಿ ನಿಲ್ಲುತ್ತದೆ. ಒಂದೇ ವಿಮಾನದಲ್ಲಿ ಎರಡೂ ಇರುತ್ತವೆ. ಹೈಡ್ರಾಲಿಕ್ ದ್ರವ ಕೆಂಪು ಬಣ್ಣದ್ದು, ಹೊಸ ಕಲೆ ತಿಳಿಗೆಂಪು, ಹಳೆಯದು ಧೂಳು ಹಿಡಿದು ಕಂದು. ಇಂಧನ ಚೆಲ್ಲಿದ ಜಾಗ ಮಾತ್ರ ಧೂಳು ತೊಳೆದುಹೋಗಿ ಸುತ್ತಲಿಗಿಂತ ಸ್ವಚ್ಛವಾಗಿ, ಸ್ವಲ್ಪ ಗಾಢವಾಗಿ ಕಾಣುತ್ತದೆ.

ಬಣ್ಣ ಕಿತ್ತು ಬೆಳ್ಳಿಯಂತೆ ಲೋಹ ಇಣುಕುವ ಚಿಪ್ಪಿಂಗ್ ಮಾಡುವ ಮೊದಲು, ಅಲ್ಲಿ ಕೆಳಗೆ ಲೋಹವಿದೆಯೇ ಎಂದು ಕೇಳಿಕೊಳ್ಳಿ. ರೇಡಾರಿನ ಮೂಗು, ಬಾಲದ ತುದಿಯ ಆಂಟೆನಾ ಹೊದಿಕೆ ಇವು ಲೋಹವಲ್ಲ; ಲೋಹವಾಗಿದ್ದರೆ ರೇಡಿಯೋ ಅಲೆ ದಾಟುತ್ತಿರಲಿಲ್ಲ. ತೇಜಸ್‌ನ ಹೊರಮೈಯ ಬಹುಪಾಲು ಕಾರ್ಬನ್ ಕಾಂಪೊಸಿಟ್. ಅಲ್ಲೆಲ್ಲ ಬೆಳ್ಳಿ ಚುಕ್ಕೆ ಹಾಕಿದ ಮಾದರಿಗಳನ್ನು ಕಂಡಾಗ ನನಗೆ ಬೇಸರವಾಗುತ್ತದೆ, ಏಕೆಂದರೆ ಅಷ್ಟು ಶ್ರಮ ಹಾಕಿದವರಿಗೆ ಈ ಒಂದು ಮಾತು ಮೊದಲೇ ಸಿಗಬೇಕಿತ್ತು.

ಬಾಲದ ಕೊಳವೆಯ ಒಳಗನ್ನು ಬರೀ ಕಪ್ಪು ಮಾಡುವುದೂ ಸರಿಯಲ್ಲ. ಬೆಂಕಿ ತಾಗಿದ ಲೋಹದಲ್ಲಿ ಹುಲ್ಲುಹಳದಿ, ಕಂದು, ನೀಲಿ ಛಾಯೆಗಳು ಒಂದರೊಳಗೊಂದು ಬೆರೆತಿರುತ್ತವೆ. ತೆಳುವಾದ ಪಾರದರ್ಶಕ ಪದರಗಳಲ್ಲಿ, ಒಂದು ಒಣಗಿದ ಮೇಲೆ ಇನ್ನೊಂದು ಎನ್ನುವಂತೆ ಹಾಕಿ.

ಮಲೆನಾಡಿನ ಗಾಳಿಯಲ್ಲಿ ಬಣ್ಣ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ, ಅದರಲ್ಲೂ ಸಕಲೇಶಪುರ, ಮೂಡಿಗೆರೆ ಭಾಗದಲ್ಲಿ, ಲ್ಯಾಕರ್ ಬಣ್ಣ ಹೊಡೆದರೆ ಮೇಲೆ ಬಿಳಿ ಮಂಜು ಕಟ್ಟುತ್ತದೆ. ಥಿನ್ನರ್ ಆರುವಾಗ ಮೈ ತಣ್ಣಗಾಗಿ ಗಾಳಿಯ ತೇವ ಅಲ್ಲಿ ಕೂರುವುದೇ ಇದಕ್ಕೆ ಕಾರಣ. ಮಳೆ ಬಿಟ್ಟ ಮಧ್ಯಾಹ್ನ ಹೊಡೆಯಿರಿ, ನಿಧಾನವಾಗಿ ಆರುವ ಥಿನ್ನರ್ ಬಳಸಿ, ಒಣಗಲು ಸಿಲಿಕಾ ಜೆಲ್ ಹಾಕಿದ ಮುಚ್ಚಳದ ಡಬ್ಬದಲ್ಲಿಡಿ. ಡೆಕಾಲ್ ಹಾಳೆಗಳನ್ನೂ ಅದರಲ್ಲೇ ಇಡುವುದು ಒಳ್ಳೆಯದು.

ಆಧಾರ ಹುಡುಕುವುದು

ಬೆಂಗಳೂರಿನ ಎಚ್‌ಎಎಲ್ ಹೆರಿಟೇಜ್ ಸೆಂಟರ್‌ನಲ್ಲಿ ಮಾರುತ್, ಕಿರಣ್‌ಗಳಂಥ ವಿಮಾನಗಳನ್ನು ಸುತ್ತು ಹಾಕಿ ನೋಡಬಹುದು. ಆದರೆ ಪ್ರದರ್ಶನಕ್ಕಿಟ್ಟ ವಿಮಾನವನ್ನು ಆಕಾರಕ್ಕೆ ನಂಬಿ, ಬಣ್ಣಕ್ಕೆ ನಂಬಬೇಡಿ. ಅವುಗಳಿಗೆ ಮಳೆ ಬಿಸಿಲು ತಡೆಯಲೆಂದು ಸ್ಕ್ರೂ, ಸಂದು, ಎಲ್ಲ ಮುಚ್ಚುವಂತೆ ಬಣ್ಣ ಬಳಿದಿರುತ್ತಾರೆ. ಓಲಿಯೊ ಪೂರ್ತಿ ಕುಸಿದಿರಬಹುದು ಅಥವಾ ವಿಮಾನವನ್ನೇ ಸ್ಟ್ಯಾಂಡಿನ ಮೇಲೆ ಎತ್ತಿರಬಹುದು. ಹಕ್ಕಿ ಗೂಡು ಕಟ್ಟದಂತೆ ತೂತುಗಳನ್ನು ಮುಚ್ಚಿರುತ್ತಾರೆ. ಚಿತ್ರ ತೆಗೆಯುವಾಗ ಅಳತೆಪಟ್ಟಿ ಚೌಕಟ್ಟಿನೊಳಗೆ ಇರಲಿ, ಚಕ್ರದ ಗೂಡಿನ ಚಿತ್ರವನ್ನು ನೆಲಕ್ಕೆ ಕೂತು ತೆಗೆಯಿರಿ. ಯಲಹಂಕದ ಏರೋ ಇಂಡಿಯಾದಲ್ಲಿ ಕಾಣುವುದು ಒರೆಸಿ ಸಿಂಗರಿಸಿದ ವಿಮಾನ, ಅದೂ ಒಂದು ಬೇರೆಯೇ ಗಳಿಗೆ. ಅದರ ಮೇಲೆ ಕೊಳೆ ಹಾಕುವಂತಿಲ್ಲ. ವಾಯುನೆಲೆಗಳ ಬೇಲಿಯಾಚೆಯಿಂದ ಚಿತ್ರ ತೆಗೆಯುವ ಯೋಚನೆ ಬೇಡವೇ ಬೇಡ, ಅದು ಕಾನೂನಿಗೆ ವಿರುದ್ಧ.

ವಿಮಾನದ ಸುತ್ತ ದೃಶ್ಯ ಕಟ್ಟುವವರು ಸ್ಪಾನರು, ಡಬ್ಬ, ಬಟ್ಟೆಗಳನ್ನು ನೆಲದ ತುಂಬ ಹರಡುತ್ತಾರೆ. ಎಂಜಿನ್ ಒಂದು ಸಣ್ಣ ಬೋಲ್ಟನ್ನು ನುಂಗಿದರೂ ಕಂಪ್ರೆಸರ್ ಬ್ಲೇಡುಗಳು ಹೋಗುತ್ತವೆ. ಆ ಭಯಕ್ಕೆ ಪ್ರತಿ ಉಪಕರಣಕ್ಕೂ ಹಲಗೆಯ ಮೇಲೆ ಅದರದೇ ಆಕಾರ ಬರೆದು, ಕೆಲಸ ಮುಗಿದ ಮೇಲೆ ಖಾಲಿ ಆಕಾರ ಉಳಿದಿಲ್ಲವೆಂದು ನೋಡಿಕೊಂಡೇ ವಿಮಾನ ಬಿಡುವ ಪದ್ಧತಿಯಿದೆ. ನಿಮ್ಮ ಟಾರ್ಮ್ಯಾಕ್ ಗುಡಿಸಿದಷ್ಟು ಸ್ವಚ್ಛವಾಗಿರಲಿ: ಚಕ್ರದ ಹಿಂದೆ ಮುಂದೆ ಹಗ್ಗ ಕಟ್ಟಿದ ಚಾಕ್‌ಗಳು (ಉರುಳದಂತೆ ತಡೆಯುವ ತುಂಡುಗಳು), ಚಕ್ರವಿರುವ ಬೆಂಕಿನಂದಕ, ಪವರ್ ಟ್ರಾಲಿಯ ಕೇಬಲ್, ಇಂಧನ ತುಂಬುತ್ತಿದ್ದರೆ ವಿಮಾನದಿಂದ ನೆಲಕ್ಕೆ ಅರ್ಥಿಂಗ್ ತಂತಿ. ಎಂಜಿನ್ ಓಡುತ್ತಿದೆ ಎಂದಾದರೆ ಗಾಳಿದ್ವಾರದ ಎದುರು ಯಾವ ಬೊಂಬೆಯನ್ನೂ ನಿಲ್ಲಿಸಬೇಡಿ. ಪೈಲಟ್ಟಿನ ಕಣ್ಣಿಗೆ ಬೀಳುವಂತೆ ಪಕ್ಕಕ್ಕೆ, ಕಿವಿಗೆ ಹೆಡ್‌ಸೆಟ್ ಹಾಕಿಕೊಂಡು ನಿಲ್ಲುವುದು ನಮ್ಮ ಜಾಗ.

ಹಾಸನ, ಚಿಕ್ಕಮಗಳೂರು ಕಡೆ ವಾಯುಪಡೆಯಿಂದ ನಿವೃತ್ತರಾದವರು ಸಿಕ್ಕರೆ ಅವರ ಟ್ರೇಡ್, ಅಂದರೆ ಕೆಲಸದ ವಿಭಾಗ, ಯಾವುದೆಂದು ಮೊದಲು ಕೇಳಿ. ಎಂಜಿನ್ ಫಿಟ್ಟರ್ ಬಾಲದ ಕೊಳವೆಯ ಬಣ್ಣ ಬಲ್ಲರು, ಆರ್ಮಮೆಂಟ್‌ನವರು ಪೈಲಾನ್ ಮತ್ತು ಪಿನ್ನು ಬಲ್ಲರು, ಇನ್‌ಸ್ಟ್ರುಮೆಂಟ್‌ನವರು ಕಾಕ್‌ಪಿಟ್ಟಿನ ಯಾವ ಗಾಜು ಗೀಚಿರುತ್ತದೆಂದು ಹೇಳಬಲ್ಲರು. ‘ಸಾರ್, ಮಿಗ್ ಬಗ್ಗೆ ಹೇಳಿ’ ಎಂದರೆ ಏನು ಹೇಳಬೇಕೆಂದು ಯಾರಿಗೂ ತೋಚುವುದಿಲ್ಲ. ‘ಸಾರ್, ಬೆಳಿಗ್ಗೆ ಮೊದಲು ಯಾವ ಬಾಗಿಲು ತೆಗೀತಿದ್ರಿ, ರೆಕ್ಕೆ ಮೇಲೆ ಹತ್ತೋವಾಗ ಕಾಲು ಎಲ್ಲಿಡ್ತಿದ್ರಿ, ಎಣ್ಣೆ ಎಲ್ಲಿ ತೊಟ್ಟಿಕ್ತಿತ್ತು’ ಎಂದು ಕೇಳಿ, ಮಾದರಿಯನ್ನು ಕೈಗೆ ಕೊಡಿ. ಬೆರಳು ತಾನಾಗಿ ಆ ಜಾಗಕ್ಕೆ ಹೋಗುತ್ತದೆ. ಈಗ ಸೇವೆಯಲ್ಲಿರುವ ವಿಮಾನದ ಉಪಕರಣ, ಸಾಮರ್ಥ್ಯ, ನೆಲೆಗಳ ಬಗ್ಗೆ ಕೇಳಬೇಡಿ. ಮಾದರಿಗೆ ಅದರ ಅಗತ್ಯವೂ ಇಲ್ಲ, ಅವರು ಹೇಳುವಂತೆಯೂ ಇಲ್ಲ.